ಪಾಸಾಗಿ ಹೋದ ಗುಂಡನ ಅಂಗಿ

ನನ್ನ ಕೈಬರಹ ಕೋಳಿ ಕೆದರಿದ ಹಾಗಿದೆ, ದಯವಿಟ್ಟು ಕ್ಷಮಿಸಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಪದಗಳೂ ಬೇಗ ಸಿಗುವುದಿಲ್ಲ. ಪ್ರತಿ ಸಾಲನ್ನೂ ಮೊದಲು ಹಳೇ ಪುಸ್ತಕದಲ್ಲಿ ಬರೆದು ನೋಡಿ ಇಲ್ಲಿ ಇಳಿಸಿದ್ದೇನೆ. ಇದು ನಮ್ಮ ಅಕ್ಕನ ವಿಷಯ.

ಅಕ್ಕ ಮಕ್ಕಳ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ಕತ್ತುಪಟ್ಟಿ ಹೊಲಿಯುತ್ತಾಳೆ. ಅವಳ ಮಗ ಗುಂಡನಿಗೆ ನಾಲ್ಕು ತಿಂಗಳಾದಾಗ ಮತ್ತೆ ಕೆಲಸಕ್ಕೆ ಹೋದಳು. "ವರ್ಷ ತುಂಬೋವರೆಗೂ ನನ್ನ ಹಾಲು ಬಿಡಿಸಲ್ಲ, ನೋಡ್ತಿರು" ಎಂದು ಹಟ. ಮಧ್ಯಾಹ್ನದ ಬಿಡುವಿನಲ್ಲಿ ಬಟ್ಟೆ ಥಾನುಗಳ ಕೋಣೆಯಲ್ಲಿ ಕೂತು ಕೈಪಂಪಿನಿಂದ ಹಾಲು ತೆಗೆಯುತ್ತಾಳೆ. ನಾನು ಗೇಟಿಗೆ ಹೋಗಿ ಆ ಬಾಟಲಿ ಮನೆಗೆ ತರುತ್ತೇನೆ. ಮನೆಯಲ್ಲಿ ಗುಂಡ ಅಜ್ಜಿಯ ಮಡಿಲಲ್ಲಿ ಕಾಯುತ್ತಿರುತ್ತಾನೆ.

ಮೊದಲ ವಾರ ಪಂಪು ಕೊರ್ ಕೊರ್ ಎಂದದ್ದೇ ಬಂತು, ಬಾಟಲಿಯ ತಳವೂ ಒದ್ದೆಯಾಗಲಿಲ್ಲ. ಆಗ ಗುಂಡ ಹಾಕಿ ಬಿಚ್ಚಿದ, ಒಗೆಯದ ಅಂಗಿಯೊಂದನ್ನು ಅಕ್ಕನ ಚೀಲಕ್ಕೆ ಹಾಕಿದೆ. ಅವಳು ಅದನ್ನು ಮೂಸಿದ್ದೇ ತಡ, ಹಾಲು ಇಳಿಯಿತು! ಅಂದಿನಿಂದ ದಿನಾ ಅದೇ ಉಪಾಯ.

ಕಳೆದ ಮಂಗಳವಾರ ಅಕ್ಕ ಖಾಲಿ ಬಾಟಲಿ ಹಿಡಿದು ಗೇಟಿಗೆ ಬಂದಳು.

"ಅಂಗಿ ಕಾಣಿಸ್ತಿಲ್ಲ ಕಣೇ. ಮೆಷಿನ್ ಪಕ್ಕಾನೇ ಇಟ್ಟಿದ್ದೆ. ಒಂದು ತೊಟ್ಟೂ ಬರ್ಲಿಲ್ಲ. ಹೀಗೇ ಆದ್ರೆ ಹಾಲೇ ಬತ್ತಿಹೋಗುತ್ತೆ."

ಮನೆಯವರಲ್ಲದವರ ಹತ್ತಿರ ನನಗೆ ಮಾತು ಬೇಗ ಬರುವುದಿಲ್ಲ. ಆದರೂ ಕಾವಲುಗಾರನಿಗೆ ಹೇಳಿದೆ, "ಅಣ್ಣ, ಒಳಗೆ ನಮ್ಮ ಪಾಪು ಅಂಗಿ ಹುಡುಕಬೇಕು."

"ಒಳಗಿರೋದೆಲ್ಲ ಪಾಪು ಅಂಗಿನೇ, ಹೋಗಮ್ಮ!" ಎಂದು ನಗುತ್ತಾ ಗೇಟು ತೆಗೆದ.

ಗುಂಡನ ಅಂಗಿಯೂ ಅದೇ ಕಾರ್ಖಾನೆಯದು. ಅಕ್ಕನ ಮೆಷಿನ್ ಪಕ್ಕ ಇದ್ದ ರಾಶಿಯ ಜೊತೆ ಅದೂ ಮುಂದಕ್ಕೆ ಹೋಗಿರಬೇಕು. ನಾವೂ ಅದೇ ದಾರಿ ಹಿಡಿದು ಓಡಿದೆವು.

ಗುಂಡಿ ಹಾಕುವವಳು ಹೇಳಿದಳು, "ಹೂಂ, ಒಂದಕ್ಕೆ ಗುಂಡಿ ಕಮ್ಮಿ ಇತ್ತು. ಹಾಕಿ ಇಸ್ತ್ರಿಗೆ ಕಳಿಸ್ದೆ."

ಇಸ್ತ್ರಿ ಮೇಜಿನಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ತಪಾಸಣೆ ಮಾಡುವ, ಕಾರ್ಖಾನೆಯವರೆಲ್ಲ ದೊಡ್ಡಮ್ಮ ಎನ್ನುವ ಹಿರಿಯ ಹೆಂಗಸಿನ ಮುಂದೆ, ಹೊಳೆಯುವ ಪ್ಲಾಸ್ಟಿಕ್ ಚೀಲದೊಳಗೆ! ಗರಿಗರಿ ಇಸ್ತ್ರಿ, ಹೊಸ ಗುಂಡಿ, ಕತ್ತಿಗೆ ಬೆಲೆ ಚೀಟಿ. ಎದೆಯ ಮೇಲೆ ಗುಂಡ ಕಕ್ಕಿದ ಕಲೆ ಮಾತ್ರ ಹಾಗೇ ಇತ್ತು.

ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು. "ಅಯ್ಯೋ, ನಾನಿದನ್ನ ಮೋಡದ ಚಿತ್ರ ಅಂದ್ಕೊಂಡೆ! ಎಷ್ಟು ಮುದ್ದಾಗಿದೆ ಅಂತ ಪಾಸ್ ಮಾಡ್ಬಿಟ್ಟೆ!"

ಅಕ್ಕ ಚೀಲ ಹರಿದು ಮೂಸಿದಳು. "ಬರೀ ಇಸ್ತ್ರಿ ವಾಸನೆ," ಎಂದಳು. ಕಣ್ಣು ತುಂಬಿತ್ತು.

"ಅಳ್ಬೇಡ ಕಣೇ," ಎಂದರು ದೊಡ್ಡಮ್ಮ. "ನಿನ್ನ ಮಗನ್ನ ಕರ್ಕೊಂಡು ಬಾ, ಉಳಿದ ಡಜನ್ ಮೇಲೂ ಅವನೇ ಮೋಡ ಬಿಡಿಸ್ಲಿ!"

ಅಕ್ಕನಿಗೆ ಮೊದಲು ಬಿಕ್ಕಳಿಕೆಯಂಥ ನಗು ಬಂತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತಳು. ಗುಂಡಿಯವಳು ನಕ್ಕಳು, ಇಸ್ತ್ರಿಯವರು ನಕ್ಕರು, ನಾನೂ ಜೋರಾಗಿ ನಕ್ಕೆ. ಇದ್ದಕ್ಕಿದ್ದಂತೆ ಅಕ್ಕ ಎದೆಗೆ ಕೈಯಿಟ್ಟು ಕೂಗಿದಳು, "ಅಯ್ಯಯ್ಯೋ, ಇಳೀತಿದೆ! ಪಂಪು ಎಲ್ಲೇ?"

ಅಷ್ಟರಲ್ಲಿ ಬಿಡುವು ಮುಗಿದ ಗಂಟೆ ಹೊಡೆಯಿತು.

"ಹೋಗೇ ಹೋಗು, ನಿನ್ನ ಮೆಷಿನ್ ಮುಂದೆ ನಾನು ಕೂರ್ತೀನಿ," ಎಂದರು ದೊಡ್ಡಮ್ಮ.

ಬಾಟಲಿ ಕತ್ತಿನವರೆಗೂ ತುಂಬಿತು. ಮನೆಗೆ ಓಡಿ ಬಂದೆ. ಗುಂಡ ಒಂದು ತೊಟ್ಟೂ ಬಿಡದೆ ಕುಡಿದು, ಅಜ್ಜಿಯ ಸೀರೆಯ ಮೇಲೆ ಹೊಸ ಮೋಡ ಬಿಡಿಸಿದ.

ಇನ್ನು ಮುಂದೆ ಅಕ್ಕನಿಗೆ ದಿನಾ ಎರಡು ಅಂಗಿ ಕಳಿಸುತ್ತೇನೆ. ಎರಡರ ಮೇಲೂ ಕೆಂಪು ದಾರದಲ್ಲಿ, ದುಂಡಗಿನ ಅಕ್ಷರದಲ್ಲಿ, "ಮಾರಾಟಕ್ಕಿಲ್ಲ" ಎಂದು ಹೊಲಿಯುತ್ತೇನೆ.