ಗುದ್ದು ತಿನ್ನಲು ಶಿಕಾಗೊಗೆ

ಅಕ್ಟೋಬರ್ ಎರಡನೆಯ ವಾರ, ರಾಣೆಬೆನ್ನೂರಿನಿಂದ ಮಧ್ಯಾಹ್ನದ ರೈಲು ಹಿಡಿದು ಬೆಂಗಳೂರಿಗೆ ಹೊರಟೆ. ಅಲ್ಲಿಂದ ವಿಮಾನದಲ್ಲಿ ಶಿಕಾಗೊಗೆ. ಅಣ್ಣನ ಮಗನ ತೊಟ್ಟಿಲ ಕಾರ್ಯವಿತ್ತು. ನಮ್ಮ ಕಡೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಕೂಗಿ ಹೆಸರು ಹೇಳುವವಳು ಸೋದರತ್ತೆ. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಗುದ್ದುವುದನ್ನು ಮಾತ್ರ ಯಾರೂ ಮರೆಯುವುದಿಲ್ಲ. ಅಣ್ಣನಿಗೆ ಇರುವವಳು ನಾನೊಬ್ಬಳೇ ತಂಗಿ. ಹೀಗಾಗಿ ಹದಿಮೂರು ಸಾವಿರ ಕಿಲೋಮೀಟರ್ ಹೋಗಿ ಬೆನ್ನು ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಬೆನ್ನಿನ ಚಿಂತೆ ಅಷ್ಟಿರಲಿಲ್ಲ, ಹೆಸರಿನ ಚಿಂತೆ ಇತ್ತು. ಅತ್ತಿಗೆ ರೇಣುಕಾ ಬ್ಯಾಡಗಿಯವಳು, ಶಿಕಾಗೊದ ಆಸ್ಪತ್ರೆಯೊಂದರಲ್ಲಿ ನರ್ಸ್. ಅಣ್ಣ ಬಸವರಾಜ ಅವಳ ಕೆಲಸದ ಹಿಂದೆ ಹೋಗಿ ಈಗ ಅಲ್ಲಿ ಶಾಲೆಯ ಬಸ್ ಓಡಿಸುತ್ತಾನೆ. ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲ. ನಮ್ಮ ಅವ್ವ ದೇವರಗುಡ್ಡದ ಮಾಲತೇಶನಿಗೆ ಹರಕೆ ಹೊತ್ತಳು. ಅತ್ತಿಗೆಯ ತಾಯಿ, ನಾನು ಬ್ಯಾಡಗಿ ಅತ್ತಿ ಎಂದು ಕರೆಯುವವರು, ಕದರಮಂಡಲಗಿಯ ಹನುಮಂತ, ಕಾಂತೇಶನಿಗೆ ಹೊತ್ತರು. ಹರಕೆ ಎರಡು, ಕೂಸು ಒಂದು. ಮಾಲತೇಶ ಎಂದೇ ಇಡಬೇಕೆಂದು ಅವ್ವ, ಕಾಂತೇಶ ಎಂದೇ ಇಡಬೇಕೆಂದು ಬ್ಯಾಡಗಿ ಅತ್ತಿ. ಹೆರಿಗೆಯಾದಾಗಿನಿಂದ ಆರು ವಾರ ಬೀಗತಿಯರಿಬ್ಬರೂ ಮಾತು ಬಿಟ್ಟಿದ್ದರು. ನಡುವೆ ರೇಣುಕಾ ದಿನಾ ಎರಡೂ ಕಡೆಯ ಫೋನು ಎತ್ತಿ, ಇಟ್ಟ ಮೇಲೆ ಅಳುತ್ತಿದ್ದಳು. ಅಣ್ಣ ನನಗೆ ಹೇಳಿದ್ದು ಇಷ್ಟೇ: "ಕಿವ್ಯಾಗ ನೀ ಏನ್ ಹೇಳ್ತಿ ಅದ ಹೆಸರು. ನಮ್ಮಿಬ್ಬರನ್ನ ಇದರಾಗ ಎಳೀಬ್ಯಾಡ."

ಶಿಕಾಗೊದ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ನನ್ನ ಪೆಟ್ಟಿಗೆ ತೆರೆಸಿದರು. ಶೇಂಗಾ ಚಟ್ನಿ, ಕೂಸಿನ ಕುಲಾಯಿ, ಮತ್ತು ಅವ್ವ ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದ ಎರಡೂವರೆ ಕಿಲೋ ತೂಕದ ಗುಂಡಕಲ್ಲು. ಇದೇನೆಂದು ಕೇಳಿದರು. ಕೂಸಿಗಿಂತ ಮೊದಲು ಇದಕ್ಕೆ ಬಟ್ಟೆ ಸುತ್ತಿ, ಕೂಸಿನಂತೆಯೇ ಕೈಯಿಂದ ಕೈಗೆ ದಾಟಿಸಿ ತೊಟ್ಟಿಲಲ್ಲಿ ಮಲಗಿಸುತ್ತೇವೆ ಎಂದು ಪೂರ್ತಿ ವಿವರಿಸಿದೆ. ಅವರು ಒಮ್ಮೆ ಕಲ್ಲನ್ನು, ಒಮ್ಮೆ ನನ್ನನ್ನು ನೋಡಿ, ಧಾರ್ಮಿಕ ವಸ್ತುವೇ ಎಂದರು. ನಮ್ಮ ಅಡುಗೆಮನೆಯಲ್ಲಿ ಅದು ಬೆಳ್ಳುಳ್ಳಿ ಜಜ್ಜುವ ಕಲ್ಲು. ಹೌದೆಂದೆ. ಬಿಟ್ಟರು.

ಮರುದಿನ ಅಣ್ಣ ಊರು ತೋರಿಸಲು ಬಸ್ಸಿನಲ್ಲಿ ಕರೆದೊಯ್ದ. ಟಿಕೆಟ್ಟಿಗೆ ಎರಡೂಕಾಲು ಡಾಲರ್. ಹೊರಗೆ ಎಂಟು ಡಿಗ್ರಿ ಚಳಿ, ಸರೋವರದ ಕಡೆಯಿಂದ ಕಿವಿ ಕೊರೆಯುವ ಗಾಳಿ. ಅರ್ಧ ಗಂಟೆಯ ದಾರಿಯಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲೊಂದು ಮಸೀದಿ, ಹಳೆಯ ಬ್ಯಾಂಕಿನ ಕಟ್ಟಡದಲ್ಲೊಂದು ದೇವಸ್ಥಾನ, ಯಹೂದಿಗಳ ಪ್ರಾರ್ಥನಾಲಯ ಎರಡು, ಚರ್ಚುಗಳು ಎಣಿಕೆಗೆ ಸಿಗದಷ್ಟು. ಒಂದು ಚರ್ಚಿನ ಬಾಗಿಲಲ್ಲಿ ಸ್ಪಾನಿಷ್ ಬೋರ್ಡು, ಅದೇ ಚರ್ಚಿನ ಹಿಂಬಾಗಿಲಲ್ಲಿ ಕೊರಿಯನ್ ಬೋರ್ಡು. "ಇಲ್ಲಿ ದೇವರಿಗೇನೂ ಕೊರತಿ ಇಲ್ಲ, ಗಾಡಿ ನಿಲ್ಸಾಕ ಜಾಗಾ ಇಲ್ಲ ನೋಡು," ಎಂದ ಅಣ್ಣ.

ಅವರ ಮನೆಯಲ್ಲಿ ಎರಡೇ ಕೋಣೆ. ಕಾರ್ಯಕ್ಕೆ ಹತ್ತಿರದ ಹಳೆಯ ಚರ್ಚೊಂದರ ನೆಲಮಾಳಿಗೆ ಗೊತ್ತುಮಾಡಿದ್ದರು. ಆ ನೆಲಮಾಳಿಗೆಯನ್ನು ವಾರವಿಡೀ ಸರದಿಯಂತೆ ಬಳಸುತ್ತಾರೆ: ಶುಕ್ರವಾರ ಮಸೀದಿಯಲ್ಲಿ ಜಾಗ ಸಾಲದವರು, ಶನಿವಾರ ಯಹೂದಿಗಳ ಸಣ್ಣ ಗುಂಪು, ರವಿವಾರ ಸ್ಪಾನಿಷಿನವರು, ಮಧ್ಯಾಹ್ನದ ಮೇಲೆ ಇಥಿಯೋಪಿಯಾದವರು. ಅಡುಗೆಮನೆಯ ಕಪಾಟುಗಳಿಗೆಲ್ಲ ಚೀಟಿ ಅಂಟಿಸಿತ್ತು, ಯಾರ ಪಾತ್ರೆ ಯಾರದಕ್ಕೂ ಬೆರೆಯದಂತೆ. ನಮ್ಮ ಗುಗ್ಗರಿಯ ಪಾತ್ರೆಗೂ ಒಂದು ಹೊಸ ಚೀಟಿ ಅಂಟಿಸಿಕೊಟ್ಟರು. ಎಲ್ಲವನ್ನೂ ನೋಡಿಕೊಳ್ಳುವವರು ಡೊರತಿ ಎಂಬ ಹಿರಿಯ ಕಪ್ಪು ಹೆಂಗಸು. ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ನಮಗೆ ನಲವತ್ತೈದು ನಿಮಿಷ ಕೊಟ್ಟು, ತುಂಬಲು ಒಂದು ಫಾರಂ ಕೊಟ್ಟರು. ಬೆಂಕಿ ಉಂಟೇ? ಇಲ್ಲ. ನೀರು? ಇಲ್ಲ. ಗದ್ದಲ? ಸ್ವಲ್ಪ. ಯಾರಿಗಾದರೂ ಪೆಟ್ಟಾಗುವ ಸಂಭವ? ನಾನು ಯೋಚಿಸಿ, 'ಕೂಸಿನ ಅತ್ತೆಗೆ, ಬೆನ್ನಿನ ಮೇಲೆ, ಐದು ಮಂದಿಯಿಂದ' ಎಂದು ಬರೆದೆ.

ಡೊರತಿ ನನ್ನನ್ನು ಒಬ್ಬಳನ್ನೇ ಪಕ್ಕದ ಕೋಣೆಗೆ ಕರೆದರು. ಬಾಗಿಲು ಹಾಕಿ, ಇದಕ್ಕೆ ನಿನ್ನ ಒಪ್ಪಿಗೆ ಇದೆಯೇ ಎಂದು ಮೆಲ್ಲಗೆ ಕೇಳಿದರು. ಇದು ಪದ್ಧತಿ ಎಂದೆ. ನಾನು ಕೇಳಿದ್ದು ಅದಲ್ಲ ಎಂದರು. ಇಪ್ಪತ್ತೇಳು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಯಾವ ವಿಷಯಕ್ಕೂ ಕೇಳಿರಲಿಲ್ಲ. ಬರೆದದ್ದನ್ನು ಮತ್ತೊಮ್ಮೆ ಓದಿ, ಇದೆ ಎಂದೆ. ಹಾಗಾದರೆ ನಾನೂ ಗುದ್ದುತ್ತೇನೆ ಎಂದು ಎದ್ದರು.

ಅವರು ಎದ್ದದ್ದು ಒಳ್ಳೆಯದೇ ಆಯಿತು. ಬರಬೇಕಾಗಿದ್ದ ಕನ್ನಡದ ಎರಡು ಮನೆಯವರು ರವಿವಾರ ಬೆಳಿಗ್ಗೆ ಮಕ್ಕಳಿಗೆ ಜ್ವರವೆಂದು ಬರಲಿಲ್ಲ. ಐದು ಮಂದಿ ಹೆಂಗಸರು ಬೇಕು. ಡೊರತಿ ಐದೇ ನಿಮಿಷದಲ್ಲಿ ಕಟ್ಟಡವನ್ನೆಲ್ಲ ಜಾಲಾಡಿ ನಾಲ್ವರನ್ನು ತಂದರು: ಅನ್ನದಾನದ ಅಡುಗೆಗೆ ಈರುಳ್ಳಿ ಹೆಚ್ಚುತ್ತಿದ್ದ ಪಂಜಾಬಿನ ಹರಬನ್ಸ್ ಕೌರ್, ಅವರ ಜೊತೆಗಿದ್ದ ಹೈದರಾಬಾದಿನ ರೆಹಾನಾ, ಸ್ಪಾನಿಷ್ ಪ್ರಾರ್ಥನೆಗೆ ಹೂ ಜೋಡಿಸುತ್ತಿದ್ದ ಲೂಪೆ, ಮತ್ತು ಬಹಳ ಬೇಗ ಬಂದು ಕುಳಿತಿದ್ದ ಒಬ್ಬ ಇಥಿಯೋಪಿಯಾದ ಹೆಂಗಸು. ಅವರ ಹೆಸರು ಕೇಳಲು ನನಗೆ ಸಂಕೋಚವಾಯಿತು.

ಮೇಜಿನ ಮೇಲೆ ವಿಡಿಯೋ ಕರೆ ಹಚ್ಚಿ ಎರಡು ಫೋನು ನಿಲ್ಲಿಸಿದ್ದೆವು. ಒಂದರಲ್ಲಿ ಅವ್ವ, ಇನ್ನೊಂದರಲ್ಲಿ ಬ್ಯಾಡಗಿ ಅತ್ತಿ. ಅಲ್ಲಿ ಸಂಜೆ ಏಳೂವರೆ. ಇಬ್ಬರೂ ಎಲ್ಲರೊಡನೆ ಮಾತಾಡಿದರು, ಪರಸ್ಪರ ಮಾತ್ರ ಇಲ್ಲ.

"ಅವರೆಲ್ಲಾ ಮುತ್ತೈದೇರೇನು?" ಎಂದು ಅವ್ವ ಕೇಳಿದಳು.

"ಕೇಳಿಲ್ಲಬೇ."

ಅವ್ವ ಡೊರತಿಯವರ ಬೋಳು ಕೊರಳನ್ನು ನೋಡಿರಬೇಕು. "ಕೇಳಬ್ಯಾಡ," ಎಂದಳು.

ಚರ್ಚಿನಲ್ಲಿದ್ದ ಒಂದೇ ತೊಟ್ಟಿಲೆಂದರೆ ಕ್ರಿಸ್ಮಸ್ ನಾಟಕಕ್ಕೆ ಮಾಡಿಸಿದ್ದ ಕಟ್ಟಿಗೆಯ ಗೋದಲಿ. ಅದಕ್ಕೆ ಸೀರೆ ಹಾಸಿದೆವು. "ಗ್ವಾದಲ್ಯಾಗ ದನಕ್ಕ ಮೇವು ಹಾಕತಾರ," ಎಂದು ಬ್ಯಾಡಗಿ ಅತ್ತಿ ಗೊಣಗಿದರು. ರೇಣುಕಾ ವಿವರಿಸಿದ ಮೇಲೆ, ದೇವರ ಕೂಸು ಮಲಗಿದ ಜಾಗವಾದರೆ ಅಡ್ಡಿಯಿಲ್ಲವೆಂದರು. ಗುಂಡಕಲ್ಲನ್ನು ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸುವಾಗ ಹೇಳುವ ಮಾತು ಆ ಐವರಲ್ಲಿ ಯಾರಿಗೂ ಬರುವುದಿಲ್ಲ. ನಿಮಗೆ ಬಂದದ್ದು ಹೇಳಿ ಎಂದೆ. ಹರಬನ್ಸ್ ಕೌರ್ ವಾಹೆಗುರು ಎಂದು ಕೊಟ್ಟರು, ರೆಹಾನಾ ಬಿಸ್ಮಿಲ್ಲಾ ಎಂದು ತೆಗೆದುಕೊಂಡರು, ಲೂಪೆ ಎದೆಯ ಮೇಲೆ ಶಿಲುಬೆ ಬರೆದುಕೊಂಡು ಕೈ ಚಾಚಿದರು, ಇಥಿಯೋಪಿಯಾದವರು ಕಲ್ಲಿಗೆ ಮುತ್ತಿಟ್ಟರು. ಡೊರತಿ ಮಾತ್ರ ಭಾರವೆಷ್ಟೆಂದು ಕೇಳಿದರು.

ನಂತರ ಕೂಸು. ನಾನು ಬಗ್ಗಿ ಅದರ ಕಿವಿಗೆ ಬಾಯಿ ಹಚ್ಚಿ 'ಕುರ್ರ್' ಎಂದೆ. ಯಾವ ಹೆಸರೆಂದು ಆಗಲೂ ನಿರ್ಧರಿಸಿರಲಿಲ್ಲ. ಎದುರಿಗೆ ರೇಣುಕಾ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಎರಡು ಫೋನಿನಲ್ಲೂ ಮುಖಗಳು ಪರದೆಗೆ ಅಂಟಿದ್ದವು. ಹೀಗಾಗಿ 'ಕುರ್ರ್' ಎಂಬುದನ್ನೇ ಆದಷ್ಟು ಉದ್ದ ಎಳೆದೆ. ಡೊರತಿ ಅದನ್ನೇ ಹೆಸರೆಂದು ತಿಳಿದರು.

ಮೊದಲ ಗುದ್ದು ಅವರದು. ನಮ್ಮೂರಿನ ಹೆಂಗಸರು ಗುದ್ದಿದಂತೆ ಮಾಡುತ್ತಾರೆ. ಒಪ್ಪಿಗೆ ಪಡೆದಿದ್ದ ಡೊರತಿ ನಿಜವಾಗಿಯೇ ಗುದ್ದಿದರು. ಉಳಿದ ನಾಲ್ವರು ಇದೇ ಅಳತೆ ಎಂದುಕೊಂಡರು. ನನ್ನ ಉಸಿರು ಹೋಯಿತು, ಕನ್ನಡಕ ಗೋದಲಿಯೊಳಗೆ ಬಿತ್ತು, ಕೂಸು ಕಿರುಚಿತು. ಹರಬನ್ಸ್ ಕೌರ್ ಗುದ್ದುವುದನ್ನು ಬಿಟ್ಟು ಕೂಸನ್ನು ತಟ್ಟುತ್ತಾ, "ಶಾಂತ್, ಪುತ್ತರ್, ಶಾಂತ್," ಎಂದು ದೊಡ್ಡ ದನಿಯಲ್ಲಿ ಸಮಾಧಾನ ಮಾಡಿದರು.

ಒಂದು ಫೋನಿನಿಂದ ಅವ್ವನ ದನಿ: "ಏನ್ ಹೆಸರ ಅದು? ಶಾಂತ ಅಂದಂಗಾತು."

ಇನ್ನೊಂದು ಫೋನು ಉತ್ತರ ಕೊಟ್ಟಿತು: "ಶಾಂತೇಶ ಅಂದಿರಬೇಕ್ರಿ ಬೀಗತ್ಯಾರ. ಸಾತೇನಹಳ್ಳಿ ಶಾಂತೇಶಪ್ಪ."

ಆರು ವಾರದಲ್ಲಿ ಅವರು ಪರಸ್ಪರ ಆಡಿದ ಮೊದಲ ಮಾತು ಅದು. ಸಾತೇನಹಳ್ಳಿಯದೂ ಹನುಮಂತನ ಗುಡಿಯೇ. ಕದರಮಂಡಲಗಿಯ ಜೊತೆಗೇ ಅದನ್ನೂ ಒಂದೇ ದಿನ ನೋಡಿ ಬರುವವರು ನಮ್ಮಲ್ಲಿ ಬಹಳ.

"ಹಂಗಾರ ಅದೂ ನಿಮ್ಮ ಹಣಮಪ್ಪನ ಆತಲ್ರಿ," ಎಂದಳು ಅವ್ವ.

"ಹಣಮಪ್ಪ ಖರೇ. ಆದ್ರ ನಮ್ಮೂರ ಕಡಿಯಾಂವ ಅಲ್ಲಲ್ರಿ. ನಿಮ್ಮ ತವರುಮನಿ ಹಾದ್ಯಾಗಿರಾಂವ."

ಅವ್ವ ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು. ಆಮೇಲೆ, "ಹೌದ್ ನೋಡ್ರಿ. ಸಣ್ಣಾಕಿದ್ದಾಗ ನಮ್ಮಪ್ಪ ಹೆಗಲ ಮ್ಯಾಲ ಕರಕೊಂಡು ಹೋಗತಿದ್ದ," ಎಂದಳು. ನಂತರ ನನ್ನ ಕಡೆ ತಿರುಗಿ, "ಇಷ್ಟ ಶಾಣ್ಯಾಕಿ ಯಾವಾಗ ಆದಿ ನೀ?" ಎಂದಳು.

ತಪ್ಪು ಕಂಡರೆ ತಿದ್ದುವುದು ನನ್ನ ಸ್ವಭಾವ. ಆದರೆ ರೇಣುಕಾ ಕಚ್ಚಿದ್ದ ಸೆರಗು ಬಿಟ್ಟಿದ್ದಳು. ನಾನು ಕನ್ನಡಕ ಹಾಕಿಕೊಂಡು, ಮತ್ತೆ ಬಗ್ಗಿ, ಕೂಸಿನ ಕಿವಿಯಲ್ಲಿ ಮೂರು ಸಲ ಸ್ಪಷ್ಟವಾಗಿ ಶಾಂತೇಶ ಎಂದೆ. ಇದೂ ಪದ್ಧತಿಯ ಭಾಗವೆಂದು ತಿಳಿದು ಐವರೂ ಮತ್ತೊಮ್ಮೆ ಗುದ್ದಿದರು.

ಮಂಗಳವಾರ ಅಣ್ಣ, ಅತ್ತಿಗೆ, ಕೂಸು ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೊರಟರು. ಚರ್ಚಿನ ಮುಂದೆ ಹರಬನ್ಸ್ ಕೌರ್ ಬಸ್ಸಿಗೆ ಕಾಯುತ್ತಿದ್ದರು. ಅಣ್ಣ ಗಾಡಿ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಕೂಸು ಒಂದೇ ಸಮನೆ ಕಿರುಚುತ್ತಿತ್ತು. ಕೊನೆಗೆ ಏನು ಹೆಸರಿಟ್ಟಿರಿ ಎಂದು ಅವರು ಹಿಂದಿಯಲ್ಲಿ ಕೇಳಿದರು. ನಾನು ಹೆಸರು ಹೇಳಿ, ಇಟ್ಟವರು ನೀವೇ ಎಂದೆ. ನಾನು ಬರೀ ಸುಮ್ಮನಿರು ಎಂದಿದ್ದೆನಲ್ಲ ಎಂದು ಅವರು ನಕ್ಕರು. ಕಿಟಕಿಯೊಳಗೆ ತಲೆ ಹಾಕಿ ಶಾಂತೇಶನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಹಾಗಾದರೆ ಇನ್ನೂ ಒಮ್ಮೆ ಹೇಳಬೇಕು, ಇವನಿಗೆ ಕೇಳಿಸಿಲ್ಲ ಎಂದರು.