ತುಂಬದ ಬಟ್ಟಲು

ನಮ್ಮ ಕೋಕಂದ್ ಪಟ್ಟಣದ ಸನೋಬರ್ ಅಜ್ಜಿಗೆ ಕಾಲ ಕೆಟ್ಟಿತೆನ್ನಲು ಫೋನು, ಹರಿದ ಪ್ಯಾಂಟು ಏನೂ ಬೇಕಿಲ್ಲ. ತುಂಬಿದ ಚಹಾ ಬಟ್ಟಲೊಂದು ಸಾಕು. ಅವರ ಕಾಲದಲ್ಲಿ ಅತಿಥಿಗೆ ಎರಡೇ ಗುಟುಕು ಬಗ್ಗಿಸಿ, ಮತ್ತೆ ಮತ್ತೆ ಎದ್ದು ಬಂದು ಕೊಡುತ್ತಿದ್ದರಂತೆ. "ಅಂಚಿನವರೆಗೂ ತುಂಬಿಸಿದ್ರೆ, ಕುಡಿದು ಬೇಗ ಜಾಗ ಖಾಲಿ ಮಾಡು ಅಂತ ಅರ್ಥ ಕಣೇ!" ಎಂದು ಮದುವೆಮನೆಯಲ್ಲೂ ಕಂಡವರ ಸೊಸೆಯರನ್ನು ಗದರುತ್ತಾರೆ. ಮೊಮ್ಮಗಳು ನರ್ಗೀಸಾ ಕಾಗದದ ಲೋಟಗಳ ಕೆಫೆ ತೆರೆದಾಗಲಂತೂ, "ಇನ್ನು ನನಗೂ ಒಂದು ಲೋಟ ತುಂಬಿಸಿ ಸಾಗಹಾಕ್ತಾಳೆ, ನೋಡ್ತಿರಿ" ಎಂದು ಬೀದಿಗೆಲ್ಲ ಸಾರಿದರು. ಮೊದಲ ದಿನ ಬಾಗಿಲಾಚೆಗೂ ಗಿರಾಕಿಗಳ ಸಾಲಿತ್ತು. ಆದರೂ ನರ್ಗೀಸಾ ಮನೆಯ ಬಟ್ಟಲನ್ನೇ ತಂದು ಅಜ್ಜಿಗೆ ಎರಡೇ ಗುಟುಕು ಬಗ್ಗಿಸಿದಳು. ಅದು ಮುಗಿದಾಗಲೆಲ್ಲ ಕೆಲಸ ಬಿಟ್ಟು ಓಡಿಬಂದಳು. ಕಾಯುತ್ತಿದ್ದವರು ಗೊಣಗಿದಾಗ ಅಜ್ಜಿ ತಲೆಯೆತ್ತಿ ಹೇಳಿದರು: "ಸ್ವಲ್ಪ ತಾಳ್ರಪ್ಪಾ, ನಾನು ಎದ್ದು ಹೋಗೋದು ಅವಳಿಗೆ ಇಷ್ಟವಿಲ್ಲ."