ಮೊಲದ ಗೂಡಿನ ಮೇಲಿನ ಅಟ್ಟ

ಮೊಲದ ಮರಿ ಮನೆಗೆ ಬಂದ ದಿನವೇ ಬೆಕ್ಕನ್ನು ಹೊರಗೆ ಕಳಿಸಿದರು. ಚೋಮಿಗೆ ಅದು ಸರಿಬರಲಿಲ್ಲ.

ಕೊಡಗಿಗೆ ತನ್ನದೇ ಸರ್ಕಾರ, ತನ್ನದೇ ಮಂತ್ರಿಗಳಿದ್ದ ಕಾಲ ಅದು. ನಾಪೋಕ್ಲಿನ ಹತ್ತಿರದ ಮೊಣ್ಣಪ್ಪನವರ ಮನೆಯಲ್ಲಿ ಚೋಮಿ ಕೊಟ್ಟಿಗೆ, ಅಂಗಳ, ಜಗಲಿಯ ಕೆಲಸ ನೋಡಿಕೊಂಡಿದ್ದಳು. ಮೊಣ್ಣಪ್ಪ ಮಿಲಿಟರಿಯಿಂದ ಬಿಡುಗಡೆಯಾಗಿ ಬಂದು ಗದ್ದೆ ಮತ್ತು ಒಂದಿಷ್ಟು ಕಾಫಿ ತೋಟ ಮಾಡಿಕೊಂಡಿದ್ದವರು. ವಿರಾಜಪೇಟೆಯ ಸ್ನೇಹಿತರೊಬ್ಬರು ಕೊಟ್ಟರೆಂದು, ಏಳು ವರ್ಷದ ಮಗಳು ಮುತ್ತಮ್ಮನಿಗಾಗಿ ಬಿಳಿ ಮೊಲದ ಮರಿಯೊಂದನ್ನು ಬುಟ್ಟಿಯಲ್ಲಿಟ್ಟು ಜೀಪಿನಲ್ಲಿ ತಂದಿದ್ದರು. ಬೆಕ್ಕು ಆ ಬುಟ್ಟಿಯನ್ನು ಸುತ್ತತೊಡಗಿದ್ದನ್ನು ಕಂಡು ಅವರ ಹೆಂಡತಿ ಬೋಜಮ್ಮ, ಅದನ್ನು ಗೋಣಿಚೀಲಕ್ಕೆ ಹಾಕಿಸಿ ಗದ್ದೆಯಾಚೆಯ ನೆಂಟರ ಮನೆಗೆ ದಾಟಿಸಿಬಿಟ್ಟರು.

"ಬೆಕ್ಕ ಕಳಿಸ್ಬ್ಯಾಡಿ ಅವ್ವ. ಅಟ್ಟದ ತುಂಬ ಬತ್ತ ಅದೆ," ಎಂದು ಚೋಮಿ ಅಂದಿದ್ದಳು.

"ಬತ್ತ ಕಾಯೋಕೆ ಬೆಕ್ಕು ಬೇಕಾ? ನೀನಿಲ್ವಾ?" ಎಂದು ಬೋಜಮ್ಮ ನಕ್ಕರು.

ಚೋಮಿ ನಗಲಿಲ್ಲ. ಅವಳು ಪಿರಿಯಾಪಟ್ಟಣದ ಕಡೆಯವಳು. ಗಂಡ ಮಲ್ಲನ ಜೊತೆ ಕಾಫಿ ಹಣ್ಣು ಕೊಯ್ಯಲು ಬಂದವಳು ಕೊಡಗಿನಲ್ಲೇ ನಿಂತುಬಿಟ್ಟಿದ್ದಳು. ಅವಳು ಮುತ್ತಮ್ಮನಷ್ಟೇ ಇದ್ದಾಗ ಅವರೂರಿನಲ್ಲಿ ಸೂರಿನಿಂದ ಇಲಿಗಳು ಬಿದ್ದವು. ಹಾಡುಹಗಲೇ ಅಂಗಳದ ನಡುವೆ ಬಂದು, ಕುಡಿದವರ ಹಾಗೆ ತಟ್ಟಾಡಿ, ಮಗುಚಿಕೊಂಡವು. ಊರಿಗೆ ಊರೇ ಹೊರಗೆ ಹೋಗಿ ಗುಡಿಸಲು ಹಾಕಿಕೊಂಡಿತು. ಅವಳ ಅವ್ವ ಮನೆಯಲ್ಲಿದ್ದ ಕಾಳು ಕಟ್ಟಿಕೊಳ್ಳಬೇಕೆಂದು ಒಂದು ದಿನ ತಡ ಮಾಡಿದಳು. ಕಂಕುಳಲ್ಲಿ ಗೆಡ್ಡೆ ಎದ್ದಿತು. ಅವ್ವನೂ ಹೋದಳು, ಅವಳ ಮಗ್ಗುಲಲ್ಲಿ ಮಲಗುತ್ತಿದ್ದ ತಮ್ಮನೂ ಹೋದ. ಆಮೇಲೆ ಚೋಮಿ ಹುಲಿಯ ಹೆಜ್ಜೆ ಕಂಡರೂ ಹೆದರುತ್ತಿರಲಿಲ್ಲ. ಇಲಿಯ ಹಿಕ್ಕೆ ಕಂಡರೆ ಮಾತ್ರ ಅವಳ ಕೈಕಾಲು ತಣ್ಣಗಾಗುತ್ತಿದ್ದವು.

ಮೊಲದ ಗೂಡನ್ನು ಜಗಲಿಯ ತುದಿಯಲ್ಲಿ, ಅಟ್ಟದ ಕೆಳಗೆ ಇಟ್ಟರು. ಮಳೆ, ಬಿಸಿಲು, ನಾಯಿ ಯಾವುದೂ ತಾಗದ ಜಾಗ ಅದೊಂದೇ.

ಮರಿ ನೋಡಲು ಅಂಗೈಯಗಲ ಇದ್ದರೂ ಮಾಡುತ್ತಿದ್ದ ಗಲೀಜು ಒಂದು ಕರುವಿನಷ್ಟಿತ್ತು. ತಟ್ಟೆಯಲ್ಲಿ ತೌಡು ಇಟ್ಟರೆ ತಟ್ಟೆಯೊಳಗೇ ಹತ್ತಿ ಕೂರುತ್ತಿತ್ತು. ಮುಂಗಾಲಿನಿಂದ ಕೆರೆದು ಅರ್ಧ ಚೆಲ್ಲುತ್ತಿತ್ತು. ಹುಲ್ಲು ಹಾಕಿದರೆ ಅದರ ಮೇಲೇ ಉಚ್ಚೆ ಹೊಯ್ದು, ಆಮೇಲೆ ಆ ಹುಲ್ಲನ್ನು ಮೂಸಿಯೂ ನೋಡುತ್ತಿರಲಿಲ್ಲ. ನೀರಿನ ಬಟ್ಟಲು ದಿನಕ್ಕೆ ಹತ್ತು ಸಲ ಮಗುಚುತ್ತಿತ್ತು. ಅದು ಸಾಲದೆಂದು ಮುತ್ತಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಮನೆಯ ಮೂಲೆಮೂಲೆಗೆ ಹೋಗಿ ತಿನ್ನಿಸುತ್ತಿದ್ದಳು. ಬೆಲ್ಲವೋ ಕಡಲೆಯೋ ಸಿಕ್ಕರೆ ತಾನು ಅರ್ಧ ಕಚ್ಚಿ ಇನ್ನರ್ಧ ಮೊಲದ ಬಾಯಿಗಿಡುವುದು ಅವಳ ಆಟ. ಚೋಮಿ ಗುಡಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಜಗಲಿಯ ಸಂದಿನಲ್ಲಿ ಮತ್ತೆ ತೌಡು, ಮಂಚದಡಿ ಕಡಲೆ, ಹೊಸಿಲಲ್ಲಿ ಕ್ಯಾರೆಟ್ಟಿನ ಚೂರು.

ಸುಗ್ಗಿಯ ಪುತ್ತರಿ ಹಬ್ಬ ಕಳೆದು ಚಳಿ ಹತ್ತಿದ ಮೇಲೆ ಇಲಿಯ ಹಿಕ್ಕೆ ಕಾಣಿಸಿಕೊಂಡಿತು. ಮೊದಲು ಗೂಡಿನ ಹಿಂದೆ, ಆಮೇಲೆ ಜಗಲಿಯ ಉದ್ದಕ್ಕೂ. ಹಗಲಿನಲ್ಲೇ ಅಟ್ಟದ ಹಲಗೆಗಳ ಮೇಲೆ ಏನೋ ಓಡಾಡಿ, ಗಕ್ಕನೆ ನಿಂತು, ಕೆಳಗಿನ ಮಾತು ಆಲಿಸುವಂತೆ ಸುಮ್ಮನಾಗುತ್ತಿತ್ತು. ಚೋಮಿ ಪೊರಕೆ ಹಿಡಿದು ತಲೆಯೆತ್ತಿ ನಿಲ್ಲುತ್ತಿದ್ದಳು. ಹಲಗೆಯ ಸಂದಿನಿಂದ ಸಣ್ಣಗೆ ದೂಳು ಉದುರುತ್ತಿತ್ತು.

ಒಂದು ಬೆಳಿಗ್ಗೆ ಅವಳು ಮಲ್ಲನನ್ನು ಕರೆತಂದು ಗೂಡಿನ ಮುಂದೆ ಕೂರಿಸಿದಳು.

"ಇದುಕ್ಕೆ ಚೆಲ್ದಂಗೆ ತಿನ್ನಕ್ಕೆ ಏನಾರ ಮಾಡು. ಇಲ್ದಿದ್ರೆ ಈ ಮನೇಲಿ ನಾ ಇರಾಕಿಲ್ಲ."

"ಮೊಲಕ್ಕೆ ಎಲೆ ಹಾಕಿ ಬಡಿಸ್ಬೇಕಾ?" ಎಂದು ಮಲ್ಲ ನಗಾಡಿದ. ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡು ಬಿದಿರು ಸೀಳಲು ಹೋದ.

ಮೊದಲ ಸಲ ಮಾಡಿದ್ದು ಕೆಲಸಕ್ಕೆ ಬರಲಿಲ್ಲ. ತೆಂಗಿನ ಕರಟವನ್ನು ಗೂಡಿನ ಕಂಬಿಗೆ ಕಟ್ಟಿದರೆ ಮರಿ ಹಗ್ಗವನ್ನೇ ಕಡಿದು ಹಾಕಿತು. ಆಮೇಲೆ ಚೋಮಿಯೇ ಹಿತ್ತಲಲ್ಲಿ ಬಿದ್ದಿದ್ದ ಸಣ್ಣ ಕಲ್ಲಿನ ಮರಿಗೆಯೊಂದನ್ನು ಉಜ್ಜಿ ತೊಳೆದು ತಂದಳು. ಮರಿ ಎಷ್ಟು ಒದ್ದರೂ ಅದು ಅಲುಗಲಿಲ್ಲ. ಬಾಯಿ ಕಿರಿದಾದ್ದರಿಂದ ಒಳಗೆ ಹತ್ತಿ ಕೂರಲೂ ಆಗಲಿಲ್ಲ. ಹುಲ್ಲಿಗೆಂದು ಮಲ್ಲ ಬಿದಿರಿನ ಸೀಳುಗಳನ್ನು ಏಣಿಯಂತೆ ಹೆಣೆದು ಗೂಡಿನ ಗೋಡೆಗೆ ಓರೆಯಾಗಿ ಬಿಗಿದ. ಹಿಂದಿನಿಂದ ಹುಲ್ಲು ತುರುಕಿದರೆ ಮರಿ ಸಂದಿನಿಂದ ಒಂದೊಂದೇ ಎಳೆ ಎಳೆದುಕೊಂಡು ತಿನ್ನುತ್ತಿತ್ತು. ಗೂಡಿನ ನೆಲಕ್ಕೂ ಅರ್ಧ ಭಾಗ ಬಿದಿರಿನ ತಟ್ಟಿ ಬಂತು. ಅದರಡಿ ಬೂದಿ ಹರವಿದ ತಗಡಿತ್ತು, ಹಿಕ್ಕೆ, ಉಚ್ಚೆಯೆಲ್ಲ ಅದಕ್ಕೆ ಬೀಳುತ್ತಿತ್ತು. ತೌಡನ್ನು ಚೋಮಿ ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಮಾತ್ರ ಹಾಕುತ್ತಿದ್ದಳು. ಅದು ತಿಂದು ಮುಗಿಸುವವರೆಗೆ ಅಲ್ಲೇ ಕುಳಿತಿದ್ದು, ಉಳಿದದ್ದನ್ನು ಬಳಿದು ಕೋಳಿಗೆ ಚೆಲ್ಲುತ್ತಿದ್ದಳು.

"ಚಿಕ್ಕವ್ವ, ಇನ್ನು ಮೊಲಕ್ಕೆ ಊಟ ಗೂಡಲ್ಲೇ. ಕಲ್ಲಿನ ಮರಿಗೆ ಬಿಟ್ಟು ಬ್ಯಾರೆ ಎಲ್ಲೂ ಒಂದು ಕಾಳೂ ಹಾಕಂಗಿಲ್ಲ," ಎಂದು ಮುತ್ತಮ್ಮನಿಗೆ ಹೇಳಿದಳು.

"ಬೆಲ್ಲ?"

"ಬೆಲ್ಲನೂ ಇಲ್ಲ."

ವಾರ ಕಳೆಯುವುದರೊಳಗೆ ಜಗಲಿ ತೊಳೆದಿಟ್ಟ ಹಾಗಾಯಿತು. ಬೋಜಮ್ಮನೂ ಮೆಚ್ಚಿದರು. ಆದರೆ ಇಲಿಗಳು ಹೋಗಲಿಲ್ಲ. ಕೆಳಗೆ ಸಿಗದಿದ್ದುದನ್ನು ಅವು ಮೇಲೆ ಹುಡುಕಿಕೊಂಡಿರಬೇಕು. ಅಟ್ಟದ ಓಡಾಟ ಇನ್ನೂ ಹೆಚ್ಚಿತು. ಚೋಮಿ ಮೊಣ್ಣಪ್ಪನವರ ಮುಂದೆ ಹೋಗಿ ನಿಂತಳು.

"ಅಯ್ಯ, ಬೆಕ್ಕ ತರ್ಸಿ. ಇಲ್ಲ ಬತ್ತ ಬ್ಯಾರೆ ಕಡೆ ಹಾಕ್ಸಿ. ಇಲಿ ಬಿದ್ರೆ ಮನೆಲಿ ಒಬ್ರೂ ಉಳಿಯಾಕಿಲ್ಲ ಕಣಯ್ಯ. ನಾ ಕಂಡಿವ್ನಿ."

"ಈಗ ಎಲ್ಲಿ ಉಂಟು ಪ್ಲೇಗು? ಅದೆಲ್ಲ ನಿನ್ನ ಕಾಲಕ್ಕೇ ಮುಗೀತು ಚೋಮಿ," ಎಂದರು ಮೊಣ್ಣಪ್ಪ. ಅವಳು ಅಲ್ಲಿಂದ ಕದಲದ್ದನ್ನು ನೋಡಿ ದನಿ ತಗ್ಗಿಸಿದರು. "ಆಯ್ತು, ಏನಾದರೂ ಮಾಡುವ. ನೀನು ಹೆದರ್ಬೇಡ."

ಅವರು ಏನು ಮಾಡಿದರೆಂಬುದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಮೊದಲ ಇಲಿ ಬಿದ್ದದ್ದು ಬಚ್ಚಲ ಹಂಡೆಯ ಹತ್ತಿರ. ಬಿಸಿಲೇರಿದ ಹೊತ್ತಿನಲ್ಲಿ ಅದು ಗೋಡೆಗುಂಟ ತೂರಾಡುತ್ತ ಬಂದು, ಸೋರುವ ನೀರಿಗೆ ಬಾಯಿಟ್ಟು, ಹಾಗೇ ಮಗ್ಗುಲಾಯಿತು. ಚೋಮಿ ಕಿರುಚಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು. ಉದ್ದ ಕೋಲಿನಿಂದ ಅದನ್ನು ಸೌದೆಯ ಮೇಲೆ ಎಳೆದು ಸೀಮೆಎಣ್ಣೆ ಸುರಿದು ಸುಟ್ಟಳು. ಮರುದಿನ ದನ ನೀರು ಕುಡಿಯುವ ಬಾನಿಯ ಪಕ್ಕ ಇನ್ನೊಂದು. ಅದರ ಮರುದಿನ ಅಟ್ಟದಿಂದ ಜಗಲಿಗೇ ಒಂದು ಬಿತ್ತು.

"ನಡಿ, ಹೋಗವ," ಎಂದಳು ಮಲ್ಲನಿಗೆ. "ಇವತ್ತೇ ಗಂಟು ಕಟ್ಟವ."

"ಅಯ್ಯನೋರಿಗೆ ಏನಂತ ಹೇಳದು?"

ಮುತ್ತಮ್ಮನನ್ನು ಬಿಟ್ಟು ಹೋಗಲು ಚೋಮಿಗೆ ಕಾಲು ಬರಲಿಲ್ಲ. ಹುಡುಗಿಯನ್ನು ಹತ್ತಿರ ಕರೆದು, ಜಡೆ ಹಾಕುವ ನೆವದಲ್ಲಿ ಕಂಕುಳು, ಕತ್ತು ಎಲ್ಲ ಮುಟ್ಟಿ ನೋಡಿದಳು. ಮುತ್ತಮ್ಮ ಕಚಗುಳಿಯಾಗಿ ನಕ್ಕಳು. ಗೆಡ್ಡೆ ಇರಲಿಲ್ಲ.

ಆ ಸಂಜೆ ಚೋಮಿ ತೌಡಿನ ಹಿಡಿಯೊಂದಿಗೆ ಗೂಡಿನ ಬಳಿ ಬಂದಾಗ ಮುತ್ತಮ್ಮ ಮೊದಲೇ ಬಂದು ಗೂಡಿನ ಬಾಗಿಲು ತೆಗೆದು ಕುಕ್ಕರಗಾಲಲ್ಲಿ ಕೂತಿದ್ದಳು. ಗೂಡಿನ ತಟ್ಟಿಯ ಮೇಲೆ ಕಂದು ಬಣ್ಣದ ಚೂರೊಂದು ಬಿದ್ದಿತ್ತು. ಚೋಮಿಯ ಕಣ್ಣು ಅಲ್ಲೇ ನಿಂತಿತು. ಮೊದಲಿನ ಗಲೀಜಿನ ದಿನಗಳಾಗಿದ್ದರೆ ಅಂಥ ನೂರು ಚೂರುಗಳ ನಡುವೆ ಅದು ಕಾಣುತ್ತಲೇ ಇರಲಿಲ್ಲ. ಈಗ ಮರಿಗೆಯ ಹೊರಗೆ ಬೀಳಲು ಏನೂ ಇರಲಿಲ್ಲ. ಬೆಳಿಗ್ಗೆ ಅವಳೇ ಒರೆಸಿ ಹೋಗಿದ್ದಳು.

"ಏನದು ಚಿಕ್ಕವ್ವ?"

"ಬೆಲ್ಲದ ಉಂಡೆ. ಮೇಲಿಂದ ಬಿತ್ತು," ಎಂದಳು ಮುತ್ತಮ್ಮ. "ಅರ್ಧ ಇದಕ್ಕೆ ಕೊಟ್ಟೆ. ಇನ್ನರ್ಧ ನನಗೆ." ಅವಳ ಕೈ ಬಾಯಿಯ ಹತ್ತಿರವಿತ್ತು.

ಇಲಿ ಬೀಳುವ ಅಟ್ಟದಿಂದ ಬಂದದ್ದು ಎಂದು ಹೊಳೆದದ್ದೇ ಚೋಮಿ ಬೀಸಿ ಹೊಡೆದಳು. ಉಂಡೆ ಹಾರಿ ಅಂಗಳಕ್ಕೆ ಬಿತ್ತು. ಮುತ್ತಮ್ಮನ ತುಟಿಯಲ್ಲಿ ರಕ್ತ ಬಂತು. ಅಳು ಕೇಳಿ ಓಡಿ ಬಂದ ಬೋಜಮ್ಮ ಮಗಳನ್ನು ಎತ್ತಿಕೊಂಡು, "ನನ್ನ ಮಗುವಿಗೆ ಕೈ ಮಾಡ್ತೀಯಾ?" ಎಂದು ಗದರಿದರು. ಚೋಮಿ ಹುಡುಗಿಯ ಬಾಯೊಳಗೆ ಬೆರಳು ಹಾಕಿ ತಡಕಿದಳು. ನಾಲಿಗೆಯ ಮೇಲೆ ಉಂಡೆಯಲ್ಲಿದ್ದ ತೌಡಿನ ತರಿ ಇತ್ತು.

ಅಷ್ಟರಲ್ಲಿ ಮೊಣ್ಣಪ್ಪ ಹೊರಗೆ ಬಂದರು. ಅಂಗಳದಲ್ಲಿ ಬಿದ್ದ ಉಂಡೆಯನ್ನು ನೋಡಿದರು. ಆ ಮುಖವನ್ನು ಚೋಮಿ ಮುಂದೆ ಎಂದೂ ಮರೆಯಲಿಲ್ಲ.

"ಪಾಷಾಣ," ಎಂದರು. "ನಾನೇ ಇಟ್ಟದ್ದು. ಅಟ್ಟದಲ್ಲಿ. ಇಲಿಗೆ."

ಆಮೇಲೆ ಯಾರೂ ಯಾರನ್ನೂ ಬೈಯಲಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಜೀಪಿನ ಹಿಂದಿನ ಸೀಟಿನಲ್ಲಿ ಬೋಜಮ್ಮನ ಮಡಿಲಲ್ಲಿ ಮುತ್ತಮ್ಮ ಮುದುಡಿ ಮಲಗಿದ್ದಳು. ಜೀಪು ವಿರಾಜಪೇಟೆಯ ದಾರಿ ಹಿಡಿದು ತಿರುವಿನಲ್ಲಿ ಮರೆಯಾಯಿತು.

ಚೋಮಿ ಗೂಡಿನ ಮುಂದೆ ಕುಳಿತಳು. ಮರಿ ಮೂಲೆಗೆ ಒತ್ತಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಅದರ ಹಲ್ಲು ಕಟಕಟ ಎನ್ನತೊಡಗಿತು. ನೀರು ಇಟ್ಟರೆ ಕುಡಿಯಿತು, ಮತ್ತೆ ಕುಡಿಯಿತು. ಹೊಟ್ಟೆ ಹಿಂಡಿದಂತೆ ಕಾಲು ಝಾಡಿಸಿತು. ಹುಡುಗಿಗೂ ಈಗ ದಾರಿಯಲ್ಲಿ ಹೀಗೇ ಆಗುತ್ತಿದೆಯೋ ಏನೋ ಎಂದು ಅವಳು ಅದರ ಒಂದೊಂದು ನಡುಕವನ್ನೂ ನೋಡುತ್ತ ಕುಳಿತಳು. ಕತ್ತಲಾಗುವ ಮುಂಚೆಯೇ ಮರಿ ಸತ್ತಿತು. ಮಲ್ಲ ಅದನ್ನು ಹೂಳಲು ಎತ್ತಿಕೊಂಡಾಗ, "ಆಳವಾಗಿ ತೋಡು. ನಾಯಿ ಕೆದಕಬಾರ್ದು," ಎಂದಷ್ಟೇ ಅಂದಳು.

ಮರುದಿನ ಮೊಣ್ಣಪ್ಪ ಒಬ್ಬರೇ ಬಂದರು. ಮಗು ಬದುಕಿದೆ, ಇನ್ನೂ ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಳ್ಳುತ್ತಾರೆ ಎಂದರು. ಹೊಟ್ಟೆಗೆ ಹೋದದ್ದು ತೀರ ಸ್ವಲ್ಪವಂತೆ. ಹೇಳುತ್ತ ಹೇಳುತ್ತ ಜಗಲಿಯ ಕಂಬ ಹಿಡಿದುಕೊಂಡರು.

"ನಿಂಗೆ ಹೇಳ್ಬೇಕಿತ್ತು ಚೋಮಿ. ಇಲಿ ಸಾಯ್ತವೆ ಅಂತ ಗೊತ್ತಾದರೆ ಇನ್ನೂ ಹೆದರ್ತೀಯ ಅಂತ ಸುಮ್ಮನಿದ್ದೆ."

ಚೋಮಿ ತಲೆಯೆತ್ತಿ ಅಟ್ಟ ನೋಡಿದಳು. ಅವರ ಮುಂದೆ ನಿಂತು ಬೇಡಿದ್ದು ತಾನೇ. ತಾನು ಅಷ್ಟು ಹೆದರದಿದ್ದರೆ ಅವರು ಇದನ್ನು ತರುತ್ತಲೂ ಇರಲಿಲ್ಲ.

"ಎಷ್ಟು ಉಂಡೆ ಇಟ್ಟಿದ್ರಿ ಅಯ್ಯ?"

ಮೊಣ್ಣಪ್ಪ ಬೆರಳು ಮಡಿಸಿ ಎಣಿಸತೊಡಗಿ, ಅರ್ಧಕ್ಕೇ ಬಿಟ್ಟರು. "ಲೆಕ್ಕ ಇಟ್ಟಿಲ್ಲ," ಎಂದರು.

ಇಬ್ಬರೂ ಅಟ್ಟ ಹತ್ತಿದರು. ಬತ್ತವನ್ನೆಲ್ಲ ಕೆಳಗಿಳಿಸಿ, ಹಲಗೆ ಹಲಗೆ ಎತ್ತಿ ನೋಡಿದರು. ಕೆಲವು ಉಂಡೆ ಸಿಕ್ಕವು. ಕೆಲವನ್ನು ಇಲಿಗಳು ಎಲ್ಲೋ ಎಳೆದುಕೊಂಡು ಹೋಗಿದ್ದವು. ಸಿಕ್ಕಿದ್ದನ್ನು ಹೂಳಿದ ಮೇಲೂ ಒಂದು ಹುಂಜ ಅಂಗಳದಲ್ಲಿ ಇದ್ದಕ್ಕಿದ್ದಂತೆ ಕುಸಿದು ಸತ್ತಿತು. ಅಂದಿನಿಂದ ಆ ಮನೆಯಲ್ಲಿ ನೆಲಕ್ಕೆ ಬಿದ್ದದ್ದನ್ನು ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ಬೋಜಮ್ಮ ಅಕ್ಕಿಯನ್ನು ಮೂರು ಸಲ ಆರಿಸಿ, ಆರು ಸಲ ತೊಳೆಯುತ್ತಿದ್ದರು.

ಮುತ್ತಮ್ಮ ಮನೆಗೆ ಬಂದಳು. ತೆಳ್ಳಗಾಗಿದ್ದಳು. ಮೊಲ ಎಲ್ಲಿ ಎಂದು ಕೇಳಲಿಲ್ಲ. ಗೂಡಿದ್ದ ಜಾಗ ಖಾಲಿಯಾಗಿತ್ತು, ಅತ್ತ ತಿರುಗಿಯೂ ನೋಡಲಿಲ್ಲ. ಊಟಕ್ಕೆ ಕೂರಿಸಿದರೆ ತುತ್ತು ಹಿಡಿದು ಬೆರಳುಗಳಲ್ಲಿ ಒಡೆದು ಒಡೆದು ನೋಡುತ್ತಿದ್ದಳು. ಅಪ್ಪ ತಿನ್ನು ಎಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಬೋಜಮ್ಮ ಅತ್ತರು. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು, "ಚೋಮಿ, ನೀನೇ ಏನಾದರೂ ನೋಡು," ಎಂದರು.

ಚೋಮಿ ತನ್ನ ಎಲೆಗೂ ಅದೇ ಪಾತ್ರೆಯಿಂದ ಅನ್ನ ಹಾಕಿಸಿಕೊಂಡಳು. ಹುಡುಗಿಗೆ ಎದುರಾಗಿ ಜಗಲಿಯ ಮೇಲೆ ಕುಳಿತು ಮೊದಲ ತುತ್ತು ತಿಂದಳು. ನುಂಗಿದಳು. ಬಾಯಿ ತೆರೆದು ತೋರಿಸಿದಳು. ಮುತ್ತಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದ ಮೇಲೆ ಒಂದು ತುತ್ತು ಬಾಯಿಗಿಟ್ಟಳು.

ಆ ಚಳಿಗಾಲ ಪೂರ್ತಿ ಹಾಗೇ ನಡೆಯಿತು. ಕಾಫಿ ಹೂ ಬಿಟ್ಟ ಸಮಯದಲ್ಲಿ ಒಂದು ಮಧ್ಯಾಹ್ನ ಚೋಮಿ ಕೊಟ್ಟಿಗೆಯ ಕೆಲಸದಲ್ಲಿ ತಡವಾಗಿ, ಕೈ ತೊಳೆದುಕೊಂಡು ಅವಸರದಿಂದ ಜಗಲಿಗೆ ಬಂದಳು. ಮುತ್ತಮ್ಮ ಆಗಲೇ ಅರ್ಧ ಊಟ ಮುಗಿಸಿದ್ದಳು.

"ಹಸಿವಾಗಿತ್ತು," ಎಂದಳು.

ಚೋಮಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಅವಳು ಉಳಿದರ್ಧ ತಿನ್ನುವುದನ್ನು ನೋಡಿದಳು.